ಏಟು ಬಿದ್ದದ್ದನ್ನು ಒಪ್ಪಿಕೊಳ್ಳುವವನೇ ವೀರ



ನಿಮ್ಮ ಮನೆಯಲ್ಲಿ ಯಾರಾದರೂ ಕಾಲು ಮುರಿದುಕೊಂಡು ಮಲಗಿದ್ದುಂಟೇ? ಹಾಗಿದ್ದರೆ ಈ ಅನುಭವ ನಿಮಗೆ ಹೊಸದಲ್ಲ. ಮೊದಲ ವಾರ ರೋಗಿ ನೋವಿನಿಂದ ನರಳುತ್ತಾನೆ, ಮನೆಯವರು ಹೇಳಿದಂತೆ ಕೇಳುತ್ತಾನೆ. ಎರಡನೆಯ ತಿಂಗಳಿಗೆ ನೋವು ಇಳಿಯುತ್ತದೆ, ಮಾತು ಕೇಳುವುದೂ ನಿಲ್ಲುತ್ತದೆ. "ನನಗೇನೂ ಆಗಿಲ್ಲ, ಬಿಡಿ" ಎನ್ನುತ್ತಾನೆ. ಮೊದಲು ಗೋಡೆ ಹಿಡಿದು ನಡೆಯುತ್ತಾನೆ, ಯಾರೂ ನೋಡದಿದ್ದಾಗ ಗೋಡೆಯನ್ನೂ ಬಿಡುತ್ತಾನೆ. ಆಸ್ಪತ್ರೆಯ ದಿನಗಳಿಗಿಂತ ಈ ಚಡಪಡಿಕೆಯ ದಿನಗಳೇ ಮನೆಯವರಿಗೆ ಹೆಚ್ಚು ಕಷ್ಟ.

ಈ ವಾರದ ಪಾಠಕ್ಕೆ ಸ್ವಲ್ಪ ಅಪರೂಪದ ಒಬ್ಬ ರೋಗಿಯನ್ನು ಆರಿಸಿಕೊಂಡಿದ್ದೇವೆ. ಅವನು ಸೈನಿಕನಲ್ಲ. ವಾರವೆಲ್ಲ ಕಚೇರಿಯಲ್ಲಿ ದುಡಿದು, ಭಾನುವಾರ ಮಧ್ಯಾಹ್ನ ಮಧ್ಯಯುಗದ ಯೋಧನಂತೆ ಕವಚ ತೊಟ್ಟು ಕಾದಾಡುವ ಹವ್ಯಾಸಿ. ದೂರದ ದೇಶದ ಈ ಹವ್ಯಾಸ ನಮಗೆ ವಿಚಿತ್ರವೆನಿಸಬಹುದು. ಆದರೆ ಪೆಟ್ಟು ತಿಂದು ಮನೆಯಲ್ಲಿ ಕುಳಿತಿರುವ ಅವನ ಚಡಪಡಿಕೆ ಮಾತ್ರ ನಮಗೆಲ್ಲ ಗೊತ್ತಿರುವುದೇ.

ಆಟದ ಯುದ್ಧ, ನಿಜವಾದ ಪೆಟ್ಟು

ಹಿಂದಿನ ಕಾಲದ ಯುದ್ಧಗಳನ್ನು ಆ ಕಾಲದ ಉಡುಪು, ಆಯುಧಗಳೊಂದಿಗೆ ಮತ್ತೆ ಆಡಿ ತೋರಿಸುವ ಸಂಘಗಳು ಯೂರೋಪು, ಅಮೆರಿಕಗಳಲ್ಲಿ ಬಹಳ ಇವೆ. ಇಂಗ್ಲೆಂಡಿನಲ್ಲಿ ಬ್ರಿಗೇಡಿಯರ್ ಪೀಟರ್ ಯಂಗ್ ಅವರು 1968ರಲ್ಲಿ ಆರಂಭಿಸಿದ 'ಸೀಲ್ಡ್ ನಾಟ್' ಎಂಬ ಸಂಘ 17ನೇ ಶತಮಾನದ ಇಂಗ್ಲೆಂಡಿನ ಅಂತರ್ಯುದ್ಧದ ಕಾಳಗಗಳನ್ನು ಆಡುತ್ತದೆ. ಪೋಲೆಂಡಿನ ಗ್ರುನ್‌ವಾಲ್ಡ್‌ನಲ್ಲಿ 1410ರ ಜುಲೈ 15ರಂದು ನಡೆದ ಮಹಾಯುದ್ಧವನ್ನು ಅದೇ ಬಯಲಿನಲ್ಲಿ ಜುಲೈ ತಿಂಗಳಲ್ಲಿ ಮರಳಿ ಆಡುತ್ತಾರೆ. ವಾಟರ್‌ಲೂ ಯುದ್ಧಕ್ಕೆ ಇನ್ನೂರು ವರ್ಷ ತುಂಬಿದ 2015ರ ಜೂನ್‌ನಲ್ಲಿ ಬೆಲ್ಜಿಯಂನಲ್ಲಿ ಸಾವಿರಾರು ಮಂದಿ ಹಳೆಯ ಸಮವಸ್ತ್ರ ತೊಟ್ಟು ಸಾಲುಗಟ್ಟಿದ್ದರು.

ಅಮೆರಿಕದಲ್ಲಿ ಇಂಥ ಹವ್ಯಾಸಿಗಳ ಒಂದು ದೊಡ್ಡ ಸಂಘದ ಹೆಸರು 'ಸೊಸೈಟಿ ಫಾರ್ ಕ್ರಿಯೇಟಿವ್ ಅನಾಕ್ರನಿಸಂ'. 1966ರ ಮೇ 1ರಂದು ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ, ಒಂದು ಮನೆಯ ಹಿತ್ತಲಿನಲ್ಲಿ ನಡೆದ ಸಂತೋಷಕೂಟದಿಂದ ಅದು ಹುಟ್ಟಿತು. ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಬೇಸಿಗೆಯಲ್ಲಿ ನಡೆಯುವ 'ಪೆನ್ಸಿಕ್ ಯುದ್ಧ' ಅವರ ದೊಡ್ಡ ಜಾತ್ರೆ. 1972ರಲ್ಲಿ ಮೊದಲಾದ ಈ ಜಾತ್ರೆಗೆ ಸುಮಾರು ಹತ್ತು ಸಾವಿರ ಜನ ಸೇರುವುದುಂಟು. ಡೇರೆ ಹಾಕಿ ವಾಸಿಸುತ್ತಾರೆ, ಹಳೆಯ ಕಾಲದ ಅಡುಗೆ ಮಾಡುತ್ತಾರೆ, ನೇಯುತ್ತಾರೆ, ಹಾಡುತ್ತಾರೆ, ಬಯಲಿಗಿಳಿದು ಕಾದಾಡುತ್ತಾರೆ.

ಈ ಕಾದಾಟದಲ್ಲಿ ಗೆಲ್ಲುವವರು ಯಾರೆಂದು ಮೊದಲೇ ನಿಶ್ಚಯವಾಗಿರುವುದಿಲ್ಲ. ಕತ್ತಿ ಉಕ್ಕಿನದಲ್ಲ, ದಪ್ಪ ಬೆತ್ತದ್ದು. ಆದರೆ ಏಟು ನಿಜವಾದ ಏಟೇ. ಆದ್ದರಿಂದ ತಲೆಗೆ ಉಕ್ಕಿನ ಶಿರಸ್ತ್ರಾಣ ಬೇಕು. ಕತ್ತು, ಮೊಣಕೈ, ಮಂಡಿಗಳಿಗೆ ಗಟ್ಟಿಯಾದ ರಕ್ಷೆ ಬೇಕು. ಕಣದಲ್ಲಿ ಸುರಕ್ಷತೆ ನೋಡಿಕೊಳ್ಳಲು ಮಾರ್ಷಲ್‌ಗಳು ಇರುತ್ತಾರೆ.

ಈ ಆಟದ ಒಂದು ನಿಯಮವನ್ನು ನಾವು ಚೆನ್ನಾಗಿ ನೆನಪಿನಲ್ಲಿಡಬೇಕು. ಏಟು ಸರಿಯಾಗಿ ಬಿತ್ತೇ ಇಲ್ಲವೇ ಎಂದು ತೀರ್ಪು ಹೇಳುವವನು ಮಾರ್ಷಲ್ ಅಲ್ಲ, ಹೊಡೆದವನೂ ಅಲ್ಲ. ಏಟು ತಿಂದವನೇ ಹೇಳಬೇಕು! ತೋಳಿಗೆ ಬಿದ್ದರೆ ಆ ತೋಳನ್ನು ತಾನಾಗಿ ಹಿಂದಕ್ಕೆ ಮಡಚಿಕೊಳ್ಳಬೇಕು. ತೊಡೆಗೆ ಬಿದ್ದರೆ ಮಂಡಿಯೂರಬೇಕು. ತಲೆಗೋ ಎದೆಗೋ ಬಿದ್ದರೆ "ಒಳ್ಳೆಯದು" ಎಂದು ಕೂಗಿ ನೆಲಕ್ಕೆ ಒರಗಬೇಕು. ಕವಚದೊಳಗಿನ ಪೆಟ್ಟು ಹೊರಗಿನವರಿಗೆ ಕಾಣಿಸುವುದಿಲ್ಲ. ಸುಳ್ಳು ಹೇಳುವುದು ಸುಲಭ. ಆದರೂ ಹೇಳಕೂಡದು, ಅದೇ ಅವರ ಮರ್ಯಾದೆ. ಏಟು ತಿಂದೂ ಒಪ್ಪಿಕೊಳ್ಳದವನು ಎಷ್ಟೇ ಬಲಶಾಲಿಯಾಗಿದ್ದರೂ ಗೆಳೆಯರ ಕಣ್ಣಿನಲ್ಲಿ ಸಣ್ಣವನಾಗುತ್ತಾನೆ.

ಕ್ಯಾಲೆಂಡರಿನ ಮುಂದೆ ನಿಂತವನು

ಇಂಥ ಒಬ್ಬ ಯೋಧನನ್ನು ಕಲ್ಪಿಸಿಕೊಳ್ಳೋಣ. ಇವನು ಯಾವ ಒಬ್ಬ ವ್ಯಕ್ತಿಯೂ ಅಲ್ಲ. ಇಂಥ ಗಾಯ ಮಾಡಿಕೊಂಡ ಯಾರ ಮನೆಯಲ್ಲಾದರೂ ನಡೆಯಬಹುದಾದದ್ದನ್ನು ಇವನ ಮೂಲಕ ನೋಡೋಣ. ವಯಸ್ಸು ಮೂವತ್ತು ದಾಟಿದೆ. ಹೆಂಡತಿ, ಒಬ್ಬ ಪುಟ್ಟ ಮಗಳು. ಚಳಿಗಾಲದ ಒಂದು ಅಭ್ಯಾಸದಲ್ಲಿ ಗುರಾಣಿಗೆ ಗುರಾಣಿ ತಗುಲಿಸಿ ತಳ್ಳಾಡುವಾಗ ಪಾದ ನೆಲದಲ್ಲಿ ಕಚ್ಚಿಕೊಂಡಿತು, ದೇಹ ತಿರುಗಿತು, ಮಂಡಿಯೊಳಗೆ ಏನೋ 'ಟಪ್' ಎಂದಿತು. ತೊಡೆಯ ಮೂಳೆಯನ್ನೂ ಅದರ ಕೆಳಗಿನ ಮೂಳೆಯನ್ನೂ ಹಿಡಿದಿಡುವ ಲಿಗಮೆಂಟ್ ಎಂಬ ಗಟ್ಟಿ ನಾರು ಹರಿದಿತ್ತು. ಫೆಬ್ರವರಿಯ ಆರಂಭದಲ್ಲಿ ಶಸ್ತ್ರಚಿಕಿತ್ಸೆಯಾಯಿತು.

ಅಂದಿನಿಂದ ಅವನು ಅಡುಗೆಮನೆಯ ಕ್ಯಾಲೆಂಡರಿನ ಮುಂದೆ ನಿಂತು ಎಣಿಸುತ್ತಾನೆ. ಫೆಬ್ರವರಿ, ಮಾರ್ಚ್, ಏಪ್ರಿಲ್... ಪೆನ್ಸಿಕ್‌ಗೆ ಹೊರಡುವುದು ಜುಲೈ ಕೊನೆಗೆ. ಅಲ್ಲಿಗೆ ಆರು ತಿಂಗಳಾಗುತ್ತದೆ. ವೈದ್ಯರು ಹೇಳಿದ್ದು ಒಂಬತ್ತು ತಿಂಗಳು, ಎಂದರೆ ನವೆಂಬರ್. "ವೈದ್ಯರು ಯಾವಾಗಲೂ ಸ್ವಲ್ಪ ಜಾಸ್ತಿಯೇ ಹೇಳುತ್ತಾರೆ" ಎಂದು ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಾನೆ.

ಮೇ ತಿಂಗಳಲ್ಲಿ ಊರುಗೋಲು ಬೇಡವಾಗಿದೆ. ಮೆಟ್ಟಿಲು ಹತ್ತುತ್ತಾನೆ. ಮಂಡಿ ನೋಯುವುದಿಲ್ಲ. ಒಂದು ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಹಿತ್ತಲ ಕೊಟ್ಟಿಗೆಗೆ ಹೋಗಿ ಶಿರಸ್ತ್ರಾಣ ಧರಿಸಿ, ಗುರಾಣಿ ಹಿಡಿದು, ನಾಲ್ಕು ಹೆಜ್ಜೆ ಹಾಕುತ್ತಾನೆ. ಬಾಗಿಲಲ್ಲಿ ಹೆಂಡತಿ ನಿಂತಿದ್ದಾಳೆ. ಅವಳು ಬೈಯುವುದಿಲ್ಲ. "ನೋಯಿತೇ?" ಎಂದಷ್ಟೇ ಕೇಳುತ್ತಾಳೆ. ಅವನು "ಇಲ್ಲ" ಎನ್ನುತ್ತಾನೆ. ಅದು ನಿಜ. ಆದರೆ ತಿರುಗುವಾಗ ಮಂಡಿ ಒಮ್ಮೆ ಅಲುಗಿದಂತಾದದ್ದನ್ನು ಅವನು ಹೇಳುವುದಿಲ್ಲ.

ಇಲ್ಲಿ ಸ್ವಲ್ಪ ನಿಲ್ಲೋಣ. ಕಣದಲ್ಲಿ ಎಂದೂ ಸುಳ್ಳು ಹೇಳದ ಮನುಷ್ಯ, ಯಾರಿಗೂ ಕಾಣದ ಏಟನ್ನು ಪ್ರಾಮಾಣಿಕವಾಗಿ ಒಪ್ಪಿಕೊಂಡವನು, ಮನೆಯಲ್ಲಿ ಏಕೆ ಏಟನ್ನು ಬಚ್ಚಿಡುತ್ತಾನೆ? ಈ ಪಾಠದ ಪ್ರಶ್ನೆ ಇದೇ.

ನೋವು ಮೊದಲು ಹೋಗುತ್ತದೆ, ಬಲ ಆಮೇಲೆ ಬರುತ್ತದೆ

ಉತ್ತರದ ಒಂದು ಭಾಗ ನಮ್ಮ ದೇಹದ ರಚನೆಯಲ್ಲೇ ಇದೆ. ನೋವು ಹೋಯಿತೆಂದರೆ ಗುಣವಾಯಿತೆಂದು ನಾವು ತಿಳಿಯುತ್ತೇವೆ. ಇದು ತಪ್ಪು ಲೆಕ್ಕ.

ಮೂಳೆ ಮುರಿದಾಗ ಮೊದಲು ಅಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಕೆಲವು ವಾರಗಳಲ್ಲಿ ಮುರಿದ ತುದಿಗಳ ನಡುವೆ ಮೆತ್ತನೆಯ ಗಂಟು ಬೆಳೆಯುತ್ತದೆ. ಬಳಿಕ ಅದು ಗಟ್ಟಿಯಾಗುತ್ತದೆ. ಆಮೇಲೂ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ, ದೇಹ ಆ ಮೂಳೆಯನ್ನು ಕೆತ್ತಿ ತಿದ್ದಿ ಹಳೆಯ ರೂಪಕ್ಕೆ ತರುತ್ತಿರುತ್ತದೆ. ಮೆತ್ತನೆಯ ಗಂಟು ಬೆಳೆದು ಮೂಳೆಯ ತುದಿಗಳು ಅಲುಗದಂತಾದಾಗಲೇ ನೋವು ಬಹಳಷ್ಟು ಇಳಿದಿರುತ್ತದೆ. ಆದರೆ ಭಾರ ಹೊರುವ ಶಕ್ತಿ ಇನ್ನೂ ಬಂದಿರುವುದಿಲ್ಲ.

ಮಂಡಿಯ ಲಿಗಮೆಂಟಿನ ವಿಷಯ ಇನ್ನೂ ಸೂಕ್ಷ್ಮ. ಹರಿದ ನಾರಿನ ಜಾಗದಲ್ಲಿ ಬಹುಪಾಲು ರೋಗಿಯ ದೇಹದಿಂದಲೇ ತೆಗೆದ ನಾರಿನ ತುಂಡನ್ನು ಕಸಿ ಮಾಡುತ್ತಾರೆ. ನಮ್ಮ ತೋಟಗಳಲ್ಲಿ ಕಸಿ ಕಟ್ಟುವವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಕಟ್ಟಿದ ಕೂಡಲೇ ಕೊಂಬೆ ಗಿಡದ್ದಾಗುವುದಿಲ್ಲ. ಎಲೆ ಹಸಿರಾಗಿ ಕಂಡ ಮಾತ್ರಕ್ಕೆ ಜೋತು ಬೀಳಬಾರದು. ಮಂಡಿಯಲ್ಲಿ ಇರಿಸಿದ ನಾರಿನ ಹಳೆಯ ಜೀವಕೋಶಗಳು ಮೊದಲು ಸಾಯುತ್ತವೆ, ಹೊಸ ರಕ್ತನಾಳಗಳು ಅದರೊಳಗೆ ಬೆಳೆಯುತ್ತವೆ, ಆಮೇಲೆ ನಿಧಾನವಾಗಿ ಅದು ಮಂಡಿಯದೇ ಆಗುತ್ತದೆ. ಈ ನಡುವಿನ ವಾರಗಳಲ್ಲಿ ಕಸಿ ಶಸ್ತ್ರಚಿಕಿತ್ಸೆಯ ದಿನಕ್ಕಿಂತಲೂ ದುರ್ಬಲವಾಗಿರುತ್ತದೆ. ರೋಗಿಗೆ ಊತ ಇಳಿದು, ನೋವು ಕಡಿಮೆಯಾಗಿ, ಉತ್ಸಾಹ ಮರಳುವುದೂ ಇದೇ ವಾರಗಳಲ್ಲಿ! ಮನಸ್ಸು ಓಡು ಎನ್ನುತ್ತದೆ, ಮಂಡಿಗೆ ನಿಲ್ಲುವ ಶಕ್ತಿಯೇ ಇಲ್ಲ.

ಇಂಥ ಶಸ್ತ್ರಚಿಕಿತ್ಸೆಯ ನಂತರ ಆಟಕ್ಕೆ ಮರಳಿದವರನ್ನು ಕುರಿತು ನಾರ್ವೆ ಮತ್ತು ಅಮೆರಿಕದ ತಜ್ಞರು ನಡೆಸಿದ ಒಂದು ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಒಂಬತ್ತು ತಿಂಗಳವರೆಗೆ, ಮರಳುವುದನ್ನು ಒಂದೊಂದು ತಿಂಗಳು ಮುಂದೂಡಿದಂತೆಲ್ಲ ಮಂಡಿಗೆ ಮತ್ತೆ ಪೆಟ್ಟಾಗುವ ಪ್ರಮಾಣ ಶೇಕಡಾ 51ರಷ್ಟು ಇಳಿದದ್ದನ್ನು ಅವರು ಕಂಡರು. ಎಂದರೆ ಪ್ರತಿ ತಿಂಗಳ ತಾಳ್ಮೆಗೆ ಅಪಾಯ ಅರ್ಧಕ್ಕರ್ಧ ಕಡಿಮೆ. "ತಾಳಿದವನು ಬಾಳಿಯಾನು" ಎಂಬ ನಮ್ಮ ಗಾದೆಗೆ ಇದಕ್ಕಿಂತ ಸ್ಪಷ್ಟವಾದ ಲೆಕ್ಕ ಬೇಕೇ?

ತಿಂಗಳು ಎಣಿಸಿದರೆ ಮಾತ್ರ ಸಾಲದು. ಗಾಯವಾದ ಕಾಲಿನ ಬಲ ಚೆನ್ನಾಗಿರುವ ಕಾಲಿನ ಬಲದ ಶೇಕಡಾ 90ರಷ್ಟಾದರೂ ಆಗಿದೆಯೇ, ಒಂಟಿ ಕಾಲಿನಲ್ಲಿ ಕುಪ್ಪಳಿಸಿದಾಗ ಎರಡೂ ಕಾಲು ಒಂದೇ ಸಮ ಸಾಗುತ್ತವೆಯೇ ಎಂದು ಅಳೆದು ನೋಡಿದ ಮೇಲೆಯೇ ಅಪ್ಪಣೆ ಕೊಡುವುದು ರೂಢಿ. ನಮ್ಮ ಯೋಧನಂತೂ ಬರಿಗಾಲಲ್ಲಿ ಓಡುವವನಲ್ಲ. 15ನೇ ಶತಮಾನದ ಸಂಪೂರ್ಣ ಕವಚ ಸುಮಾರು 20ರಿಂದ 25 ಕಿಲೋ ತೂಗುತ್ತಿತ್ತು. ಅಂಥ ಭಾರ ಹೊತ್ತು, ತಳ್ಳುವವರ ನಡುವೆ ತಿರುಗಬೇಕು. ತೊಡೆಗೆ ಏಟು ಬಿದ್ದರೆ ಅದೇ ಮಂಡಿಯನ್ನು ಊರಬೇಕು.

ಪಾಂಪ್ಲೋನಾದಿಂದ ಬಂದ ಗಾಯಾಳು

ಆಟದ ಯೋಧನಿಂದ ಈಗ ನಿಜವಾದ ಯೋಧನೊಬ್ಬನ ಕಡೆಗೆ ಹೋಗೋಣ. ಇವರೂ ಮೂವತ್ತರ ಆಸುಪಾಸಿನವರು, ಇವರಿಗೂ ಕಾಲಿಗೇ ಪೆಟ್ಟು. ಇವರು ಬೇರೆ ಯಾರೂ ಅಲ್ಲ, ಸಂತ ಇಗ್ನೇಷಿಯಸ್ ಲೊಯೋಲಾ. ಮಂಗಳೂರಿನಲ್ಲಿ 1880ರಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು ತೆರೆದ ಯೇಸುಸಭೆಯ ಗುರುಗಳಿಗೆ ಮೂಲಪುರುಷರು ಇವರೇ.

1521ರ ಮೇ 20ರಂದು ಸ್ಪೇನಿನ ಪಾಂಪ್ಲೋನಾ ಕೋಟೆಯ ಮೇಲೆ ಫ್ರೆಂಚರು ಫಿರಂಗಿ ಹಾರಿಸಿದರು. ಕೋಟೆ ಕಾಯುತ್ತಿದ್ದ ಇನಿಗೋ (ಅವರ ಮೊದಲ ಹೆಸರು ಅದೇ) ಒಂದು ಗುಂಡಿಗೆ ಸಿಕ್ಕಿದರು. ಬಲಗಾಲು ಪುಡಿಯಾಯಿತು, ಎಡಗಾಲಿಗೂ ಗಾಯವಾಯಿತು. ಗೆದ್ದ ಫ್ರೆಂಚರು ಅವರಿಗೆ ಮರ್ಯಾದೆಯಿಂದ ಚಿಕಿತ್ಸೆ ಮಾಡಿ, ಡೋಲಿಯಲ್ಲಿ ಲೊಯೋಲಾದ ಮನೆಗೆ ಕಳುಹಿಸಿದರು. ಅಲ್ಲಿಯ ವೈದ್ಯರು ಮೂಳೆ ಸರಿಯಾಗಿ ಕೂಡಿಲ್ಲವೆಂದು ಮತ್ತೆ ಮುರಿದು ಕೂಡಿಸಿದರು. ಆಗ ಅರಿವಳಿಕೆ ಇರಲಿಲ್ಲ. ಇನಿಗೋ ಮುಷ್ಟಿ ಬಿಗಿದರೇ ಹೊರತು ಕೂಗಲಿಲ್ಲ. ಬಳಿಕ ಸಾವಿನ ಅಂಚಿಗೆ ಹೋದರು. ಸಂತ ಪೇತ್ರ ಮತ್ತು ಸಂತ ಪೌಲರ ಹಬ್ಬದ ಮುನ್ನಾದಿನ ರಾತ್ರಿ ತಿರುಗಿಕೊಂಡರು.

ಮುಂದೆ ನಡೆದದ್ದನ್ನು ಗಮನಿಸಿ. ಮೂಳೆ ಕೂಡಿತು, ಆದರೆ ಮಂಡಿಯ ಕೆಳಗೆ ಒಂದು ತುಂಡು ಉಬ್ಬಿ ನಿಂತಿತು, ಕಾಲು ಗಿಡ್ಡವಾಯಿತು. ಆ ಕಾಲದ ಸರದಾರರು ತೊಡುತ್ತಿದ್ದ ಬಿಗಿಯಾದ ಬೂಟು ಇನ್ನು ಹಿಡಿಸುವಂತಿರಲಿಲ್ಲ. ಬೂಟಿಗಾಗಿ, ಆಸ್ಥಾನದಲ್ಲಿ ಚೆನ್ನಾಗಿ ಕಾಣುವುದಕ್ಕಾಗಿ, ಆ ಮೂಳೆಯನ್ನು ಗರಗಸದಿಂದ ಕೊಯ್ಯಿರಿ ಎಂದು ಇನಿಗೋ ಕೇಳಿದರು! ಇಂಥ ನೋವನ್ನು ತಾನು ತಾಳಲಾರೆ ಎಂದು ಅವರ ಅಣ್ಣನೇ ಹೆದರಿದ. ಇನಿಗೋ ಹೆದರಲಿಲ್ಲ. ಕೊಯ್ದರು, ಕಾಲನ್ನು ಯಂತ್ರಗಳಿಂದ ಜಗ್ಗಿದರು. ಆದರೂ ಅವರು ಬದುಕಿನುದ್ದಕ್ಕೂ ಕುಂಟಿದರು.

ಈ ಧೈರ್ಯವನ್ನು ಮೆಚ್ಚಬೇಕೇ, ಮರುಗಬೇಕೇ? ನೋವು ತಾಳುವ ಶಕ್ತಿ ಅವರಲ್ಲಿ ಬೇಕಾದಷ್ಟಿತ್ತು. ಇಲ್ಲದಿದ್ದದ್ದು ಕಾಯುವ ಶಕ್ತಿ. ಇವೆರಡೂ ಬೇರೆ ಬೇರೆ. ಗರಗಸದ ಕೆಳಗೆ ಕಾಲು ಚಾಚುವವನಿಗೂ ಹಾಸಿಗೆಯಲ್ಲಿ ಸುಮ್ಮನೆ ಇನ್ನೊಂದು ತಿಂಗಳು ಮಲಗುವುದು ಅಸಾಧ್ಯವೆನಿಸಬಹುದು. ನಮ್ಮ ಯೋಧನೂ ಹಾಗೆಯೇ. ಮಂಡಿಗೆ ಪೆಟ್ಟು ಬಿದ್ದ ದಿನ ಅವನು ಅಳಲಿಲ್ಲ, ಆದರೆ ಜುಲೈ ತಿಂಗಳನ್ನು ಬಿಟ್ಟುಕೊಡಬೇಕೆಂದಾಗ ಅವನ ಕಣ್ಣು ತುಂಬಿತು.

ಹಗಲುಗನಸು ಬಿಟ್ಟುಹೋದ ರುಚಿ

ಹಾಸಿಗೆಯಲ್ಲಿದ್ದ ಇನಿಗೋ ಓದಲು ವೀರರ ಕಥೆಗಳನ್ನು ಕೇಳಿದರು. ಆ ಕಾಲದ ಯುವಕರಿಗೆ ಅವುಗಳ ಹುಚ್ಚು ಬಹಳ. ಆದರೆ ಆ ಮನೆಯಲ್ಲಿ ಅಂಥ ಪುಸ್ತಕ ಒಂದೂ ಸಿಗಲಿಲ್ಲ. ಮನೆಯೊಡತಿ ಅತ್ತಿಗೆ ಮಗ್ದಲೇನಾ. ಆಕೆಯ ಮನೆಯಲ್ಲಿದ್ದದ್ದು ಸ್ಯಾಕ್ಸನಿಯ ಲುಡೋಲ್ಫ್ ಬರೆದ ಕ್ರಿಸ್ತಸ್ವಾಮಿಯ ಜೀವನಚರಿತ್ರೆ ಮತ್ತು ಸಂತರ ಚರಿತ್ರೆಗಳ ಒಂದು ಗ್ರಂಥ. ಬೇರೆ ದಾರಿಯಿಲ್ಲದೆ ಇನಿಗೋ ಅವನ್ನೇ ಓದಿದರು.

ಓದಿನ ನಡುವೆ ಹಗಲುಗನಸು. ಮರಳಿ ಕತ್ತಿ ಹಿಡಿದು, ತಾವು ಮೆಚ್ಚಿದ ಒಬ್ಬ ದೊಡ್ಡ ಮನೆತನದ ಹೆಣ್ಣಿನ ಮುಂದೆ ಏನೇನು ಸಾಹಸ ಮಾಡಬಹುದೆಂದು ಗಂಟೆಗಟ್ಟಲೆ ಯೋಚಿಸುವರು. ಇನ್ನೊಮ್ಮೆ, ಸಂತ ಫ್ರಾನ್ಸಿಸರೂ ಸಂತ ದೊಮಿನಿಕರೂ ಮಾಡಿದ್ದನ್ನು ತಾವೂ ಮಾಡಿದರೆ ಹೇಗೆ ಎಂದು ಯೋಚಿಸುವರು. ಎರಡೂ ಕನಸು ಕಾಣುವಾಗ ಹಿತವೇ. ಆದರೆ ಒಂದು ದಿನ ಅವರು ಒಂದು ವ್ಯತ್ಯಾಸ ಕಂಡುಕೊಂಡರು. ಮೊದಲ ಕನಸು ಮುಗಿದ ಮೇಲೆ ಮನಸ್ಸು ಒಣಗಿ ಬೇಸರಗೊಳ್ಳುತ್ತಿತ್ತು. ಎರಡನೆಯದು ಮುಗಿದ ಮೇಲೂ ನೆಮ್ಮದಿ ಉಳಿಯುತ್ತಿತ್ತು. ಯಾವ ಯೋಚನೆ ಎಲ್ಲಿಂದ ಬಂದಿತೆಂದು ಅದು ಬಿಟ್ಟುಹೋಗುವ ರುಚಿಯಿಂದ ತಿಳಿಯುವ ಈ ಬಗೆಯೇ ಮುಂದೆ ಅವರ 'ಆಧ್ಯಾತ್ಮಿಕ ಸಾಧನೆಗಳು' ಎಂಬ ಗ್ರಂಥಕ್ಕೆ ಬೀಜವಾಯಿತು. ಜಗದ್ಗುರು ಮೂರನೆಯ ಪೌಲರ ಒಪ್ಪಿಗೆಯೊಂದಿಗೆ ಅದು 1548ರಲ್ಲಿ ಅಚ್ಚಾಯಿತು.

ಗಾಯವಾದಂದಿನಿಂದ ಮನೆ ಬಿಡುವವರೆಗೆ ಅವರು ಕಳೆದದ್ದು ಸುಮಾರು ಒಂಬತ್ತು ತಿಂಗಳು. 1522ರ ಮಾರ್ಚ್ 24ರ ರಾತ್ರಿಯಿಡೀ ಮೊಂಟ್‌ಸೆರಾಟ್‌ನ ದೇವಾಲಯದಲ್ಲಿ, ಹೊಸದಾಗಿ ಪಟ್ಟ ಪಡೆಯುವ ವೀರನಂತೆ ಜಾಗರಣೆ ಮಾಡಿ, ಕತ್ತಿಯನ್ನೂ ಬಾಕನ್ನೂ ದೇವಮಾತೆಯ ಪೀಠದ ಬಳಿ ಒಪ್ಪಿಸಿದರು. ಆದರೆ ಆತುರದ ಸ್ವಭಾವ ಒಮ್ಮೆಗೇ ಹೋಗಲಿಲ್ಲ. ಮನ್ರೇಸಾದಲ್ಲಿ ಉಪವಾಸ, ಜಾಗರಣೆಗಳನ್ನು ಅತಿಯಾಗಿ ಮಾಡಿ ಆರೋಗ್ಯ ಕೆಡಿಸಿಕೊಂಡರು. ಅದರಿಂದ ಪಾಠ ಕಲಿತು, ಮುಂದೆ ಸಭೆಯ ಹಿರಿಯರಾದಾಗ ದೇಹವನ್ನು ಕಾಪಾಡಿಕೊಳ್ಳಬೇಕೆಂದು ಸದಸ್ಯರಿಗೆ ನಿಯಮವನ್ನೇ ಮಾಡಿದರು. ಅತಿಯಾಗಿ ಉಪವಾಸ ಮಾಡುತ್ತಿದ್ದ ಫ್ರಾನ್ಸಿಸ್ ಬೋರ್ಜಿಯಾ ಅವರಿಗೆ 1548ರಲ್ಲಿ ಪತ್ರ ಬರೆದು, ಅದನ್ನು ಕಡಿಮೆ ಮಾಡಿ ದೇಹಕ್ಕೆ ಬಲ ತಂದುಕೊಳ್ಳಿ ಎಂದು ತಿಳಿಹೇಳಿದರು.

ಇಗ್ನೇಷಿಯಸರು ಕತ್ತಿ ಬಿಟ್ಟರು, ಆದ್ದರಿಂದ ನಮ್ಮ ಹವ್ಯಾಸಿಯೂ ಬೆತ್ತದ ಕತ್ತಿ ಬಿಡಬೇಕು ಎಂಬುದು ಈ ಪಾಠದ ಸಾರವಲ್ಲ. ಅವನ ಆಟದಲ್ಲಿ ಗೆಳೆತನವಿದೆ, ಇತಿಹಾಸದ ಪ್ರೀತಿಯಿದೆ, ಮೇಲೆ ಹೇಳಿದ ಆ ಪ್ರಾಮಾಣಿಕತೆಯ ಅಭ್ಯಾಸವಿದೆ. ಅವನು ಮರಳಲಿ. ಆದರೆ ಕಾಯುವಾಗ ಕಾಣುವ ಕನಸುಗಳನ್ನು ಒಮ್ಮೆ ಪರೀಕ್ಷಿಸಲಿ. "ನಾನಿಲ್ಲದೆ ಅವರು ಗೆದ್ದುಬಿಡುತ್ತಾರೆ, ನನ್ನನ್ನು ಮರೆತುಬಿಡುತ್ತಾರೆ" ಎಂಬ ಯೋಚನೆ ಯಾವ ರುಚಿ ಬಿಟ್ಟುಹೋಗುತ್ತದೆ? "ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಮುಂದಿನ ವರ್ಷ ಆ ಬಯಲಿನಲ್ಲಿ ನಡೆಯುತ್ತೇನೆ" ಎಂಬ ಯೋಚನೆ ಯಾವ ರುಚಿ ಬಿಟ್ಟುಹೋಗುತ್ತದೆ? ಆತುರ ಹುಟ್ಟಿದ್ದು ಆಟದ ಪ್ರೀತಿಯಿಂದಲೋ, ಹಿಂದೆ ಬೀಳುವ ಭಯದಿಂದಲೋ ಎಂಬುದು ಆಗ ತಿಳಿಯುತ್ತದೆ.

ಕಾಯುವುದೂ ಒಂದು ಕೆಲಸ

ಕಾಯುವುದೆಂದರೆ ಕೈಕಟ್ಟಿ ಕೂರುವುದಲ್ಲ. ಕೂತಷ್ಟೂ ತೊಡೆಯ ಸ್ನಾಯು ಕರಗುತ್ತದೆ, ಮನಸ್ಸು ಕೊರಗುತ್ತದೆ. ನಮ್ಮ ಯೋಧನ ಮುಂದೆ ಮೂರು ಬಗೆಯ ಕೆಲಸಗಳಿವೆ.

ಮೊದಲನೆಯದು ದೇಹದ ಕೆಲಸ. ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟ ವ್ಯಾಯಾಮವನ್ನು ದಿನವೂ, ಹೇಳಿದಷ್ಟೇ ಮಾಡುವುದು. ಹತ್ತು ಸಲ ಎಂದರೆ ಹತ್ತೇ ಸಲ. ಬೇಸರವಾದ ದಿನ ಐದು, ಹುರುಪು ಬಂದ ದಿನ ಮೂವತ್ತು ಮಾಡುವುದು ಶಿಸ್ತಲ್ಲ.

ಎರಡನೆಯದು ಕೈಯ ಕೆಲಸ. ಕವಚದ ಚರ್ಮದ ಪಟ್ಟಿಗಳು ಸವೆದಿವೆ, ಶಿರಸ್ತ್ರಾಣದ ಒಳಮೆತ್ತೆ ಹರಿದಿದೆ, ಉಕ್ಕಿಗೆ ತುಕ್ಕು ಹಿಡಿಯುತ್ತಿದೆ. ಎಣ್ಣೆ ಹಚ್ಚಿ ಒರೆಸಲು, ಹೊಲಿಯಲು, ಇತಿಹಾಸ ಓದಲು ಇಂಥ ಬಿಡುವು ಮತ್ತೆ ಸಿಗದು.

ಮೂರನೆಯದು ಪರರ ಕೆಲಸ. ಇದೇ ಎಲ್ಲಕ್ಕಿಂತ ಕಷ್ಟ. ಬೇಸಿಗೆಯ ಬಿಸಿಲಿನಲ್ಲಿ ಕವಚ ತೊಟ್ಟವರಿಗೆ ನೀರು ಕೊಡುವವರು ಬೇಕು. ಹೊಸಬರಿಗೆ ಪಟ್ಟಿ ಬಿಗಿಯುವುದನ್ನು ಕಲಿಸುವವರು ಬೇಕು. ಕಣದ ಅಂಚಿನಲ್ಲಿ ನಿಂತು ಯಾರ ಶಿರಸ್ತ್ರಾಣ ಸಡಿಲವಾಗಿದೆ ಎಂದು ನೋಡುವವರು ಬೇಕು. ನಿನ್ನೆಯವರೆಗೆ ಮುಂಚೂಣಿಯಲ್ಲಿದ್ದವನು ಇಂದು ನೀರಿನ ಪಾತ್ರೆ ಹಿಡಿದು ನಿಲ್ಲಬೇಕಾದರೆ ಅಹಂಕಾರವನ್ನು ಕೆಳಗಿಡಬೇಕು. ಕಡೆಯ ಭೋಜನದಲ್ಲಿ ಪ್ರಭು ಯೇಸು ನೀರಿನ ಪಾತ್ರೆ ಹಿಡಿದು ಶಿಷ್ಯರ ಪಾದ ತೊಳೆದದ್ದನ್ನು ನೆನೆದರೆ, ಆ ಪಾತ್ರೆಯಿಂದ ಯಾರ ಗೌರವವೂ ಕಡಿಮೆಯಾಗದೆಂದು ತಿಳಿಯುತ್ತದೆ.

ಮನೆಯವರಿಗೆ ಒಂದು ಮಾತು

ಗಾಯಾಳುವಿನ ಜೊತೆಯಲ್ಲಿ ಮನೆಯವರೂ ಕಾಯುತ್ತಾರೆ. ಅವರ ಕಾಯುವಿಕೆಯನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಊರುಗೋಲು ಎತ್ತಿಟ್ಟವಳು, ಮಗುವನ್ನು ಒಬ್ಬಳೇ ಶಾಲೆಗೆ ಬಿಟ್ಟವಳು, ರಾತ್ರಿ ಕೊಟ್ಟಿಗೆಯ ಸದ್ದಿಗೆ ಎದ್ದು ಬಂದವಳು ಆಕೆ.

ಇಂಥ ಮನೆಯವರು ಎರಡು ತಪ್ಪುಗಳಿಂದ ದೂರವಿರಬೇಕು. "ಆ ಹುಚ್ಚಾಟ ಇನ್ನು ಸಾಕು" ಎಂದು ಅವನ ಪ್ರೀತಿಯನ್ನೇ ಹೀಗಳೆಯುವುದು ಒಂದು. ಆಗ ಅವನು ನೋವನ್ನು ಬಚ್ಚಿಡಲು ಕಲಿಯುತ್ತಾನೆ. ಮುಖ ಬಾಡಿದ್ದನ್ನು ನೋಡಲಾರದೆ "ಹೋಗಲಿ, ಒಂದು ದಿನ ಆಡಿ ಬಾ" ಎನ್ನುವುದು ಇನ್ನೊಂದು. ಅದು ಕರುಣೆಯಂತೆ ಕಂಡರೂ ಕರುಣೆಯಲ್ಲ. ಆ ಹೆಂಡತಿ ಕೇಳಿದಂತೆ "ನೋಯಿತೇ?" ಎಂದು ಕೇಳಿ, ಉತ್ತರಕ್ಕೆ ಕಾಯುವುದೇ ಮೇಲು. ಬೈಗುಳದ ಹೆದರಿಕೆಯಿಲ್ಲದ ಮನೆಯಲ್ಲಿ ಮಾತ್ರ ಸತ್ಯ ಬಾಯಿಬಿಡುತ್ತದೆ. ಲೊಯೋಲಾದ ಆ ಮನೆಯನ್ನೂ ನೆನೆಯಿರಿ. ಕೇಳಿದ್ದು ಅಲ್ಲಿ ಸಿಗಲಿಲ್ಲ. ಸಿಕ್ಕಿದ್ದೇ ರೋಗಿಯ ಬಾಳನ್ನು ತಿರುಗಿಸಿತು.

ಮನೆಯಲ್ಲಿ ಕೂಡಿ ಮಾತಾಡಲು

1. ನಮ್ಮಲ್ಲಿ ಯಾರಾದರೂ ಈಗ ಏನನ್ನಾದರೂ ಕಾಯುತ್ತಿದ್ದೇವೆಯೇ? ಆರೋಗ್ಯ, ಕೆಲಸ, ಪರೀಕ್ಷೆಯ ಫಲಿತಾಂಶ? ಆ ಕಾಯುವಿಕೆ ನಮ್ಮ ಮಾತಿನ ಧಾಟಿಯನ್ನು ಹೇಗೆ ಬದಲಿಸಿದೆ?

2. ಯಾರಿಗೂ ಕಾಣದ ಯಾವ 'ಏಟನ್ನು' ನಾವು ಮನೆಯವರಿಂದ ಬಚ್ಚಿಟ್ಟಿದ್ದೇವೆ? ಹೇಳಲು ತಡೆಯುತ್ತಿರುವುದು ಏನು?

3. ನೋವು ತಾಳುವುದು, ಕಾಯುವುದು – ಇವೆರಡರಲ್ಲಿ ನಮಗೆ ಯಾವುದು ಕಷ್ಟ?

4. ನಮ್ಮ ಸ್ಥಾನದಿಂದ ದೂರ ಕುಳಿತಿರುವಾಗಲೂ ನಾವು ಯಾರಿಗೆ 'ನೀರು' ಕೊಡಬಹುದು?

ಕೊನೆಯದಾಗಿ

ನಮ್ಮ ಯೋಧನ ಕಥೆಯನ್ನು ಹೀಗೆ ಮುಗಿಸೋಣ. ಜುಲೈ ಕೊನೆಗೆ ಅವನು ಪೆನ್ಸಿಕ್‌ಗೆ ಹೋದ. ಕವಚವನ್ನು ಮನೆಯಲ್ಲೇ ಬಿಟ್ಟುಹೋದ. ಅದು ಜೊತೆಗಿದ್ದರೆ ಮನಸ್ಸು ತಡೆಯದೆಂದು ಅವನಿಗೇ ಗೊತ್ತಿತ್ತು. ಅಲ್ಲಿ ನೀರು ಹೊತ್ತ, ಪಟ್ಟಿ ಬಿಗಿದ, ಮಗಳಿಗೆ ಡೇರೆಗಳ ಬಾವುಟಗಳನ್ನು ತೋರಿಸಿದ. ಒಮ್ಮೊಮ್ಮೆ ಕಾಳಗದ ಸದ್ದು ಕೇಳಲಾರದೆ ಎದ್ದು ಹೋದದ್ದೂ ಉಂಟು. ತಾಳ್ಮೆ ಎಂಬುದು ನೋವಿಲ್ಲದ ಗುಣವೇನೂ ಅಲ್ಲ.

ನವೆಂಬರ್ ಬಂತು. ಒಂಬತ್ತು ತಿಂಗಳು ತುಂಬಿತು. ಫಿಸಿಯೋಥೆರಪಿಸ್ಟ್ ಎರಡೂ ಕಾಲುಗಳ ಬಲ ಅಳೆದರು. ಶೇಕಡಾ 90 ಮುಟ್ಟಿರಲಿಲ್ಲ. "ಇನ್ನೂ ಆರು ವಾರ ಬೇಕು" ಎಂದರು. ಅವನು ತುಸು ಹೊತ್ತು ತನ್ನ ಮಂಡಿಯನ್ನೇ ನೋಡುತ್ತ ಕುಳಿತ. ಆ ರಾತ್ರಿ ಕೊಟ್ಟಿಗೆಯಲ್ಲಿ ಮಂಡಿ ಅಲುಗಿದ್ದನ್ನು ಮೊದಲ ಬಾರಿಗೆ ಅವರಿಗೆ ಹೇಳಿದ. ಪಕ್ಕದಲ್ಲಿ ಹೆಂಡತಿಯೂ ಇದ್ದಳು. ಆಮೇಲೆ ಕಣದಲ್ಲಿ ಏಟು ಬಿದ್ದಾಗ ಹೇಳುತ್ತಿದ್ದ ಅದೇ ಮಾತನ್ನು ಹೇಳಿದ:

"ಒಳ್ಳೆಯದು."